ಆದಿಕಾಂಡದ ಎರಡು ಸೃಷ್ಟಿಕಥನಗಳು: ಕೊಯಮತ್ತೂರಿನ ನೇಕಾರರ ಮನೆಯೊಂದರಿಂದ ಒಂದು ಓದು

ಧ್ವನಿ ಸರಿಯಾಗಿ ಕೇಳಿಸ್ತಿದೆ ಅಂದ್ಕೊಂಡು ಶುರು ಮಾಡ್ತೀನಿ. ಈ ವೆಬಿನಾರ್ ಮಾಲೆಯಲ್ಲಿ ನನಗೆ ಕೊಟ್ಟಿದ್ದು ‘ಪುರಾಣ ಪಠ್ಯಗಳ ವಿಮರ್ಶೆ’ ಅನ್ನುವ ವಿಷಯ. ನಾನು ಆರಿಸಿಕೊಂಡಿದ್ದು ಹೀಬ್ರೂ ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ ಮೊದಲ ಎರಡು ಅಧ್ಯಾಯಗಳನ್ನು. ಕನ್ನಡ ಎಂ.ಎ. ವಿದ್ಯಾರ್ಥಿನಿಗೆ ಇದು ಯಾಕೆ ಬೇಕಿತ್ತು ಅಂತ ಕೇಳಬಹುದು. ಕಾರಣ ನಮ್ಮ ಮನೆಯಲ್ಲೇ ಇದೆ. ಅದನ್ನು ಮೊದಲು ಹೇಳಿ ಆಮೇಲೆ ಪಠ್ಯಕ್ಕೆ ಬರ್ತೀನಿ.

೧. ಪ್ರಶ್ನೆ ಎಲ್ಲಿಂದ ಬಂತು

ನಮ್ಮದು ಕೊಯಮತ್ತೂರಿನ ದೇವಾಂಗ ನೇಕಾರರ ಮನೆ. ಮಗ್ಗ ಅಜ್ಜನ ಕಾಲಕ್ಕೇ ನಿಂತಿತು. ಅಪ್ಪ ತಿರುಪ್ಪೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕೆಲಸದಲ್ಲಿದ್ದಾರೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಅಜ್ಜಿಗೆ ಕನ್ನಡ ಮಾತಾಡೋದು ಗೊತ್ತು, ಓದೋದು ಗೊತ್ತಿಲ್ಲ. ನಾನೂ ಕನ್ನಡ ಅಕ್ಷರ ಕಲಿತಿದ್ದು ಕಾಲೇಜಿಗೆ ಬಂದ ಮೇಲೆ.

ಎರಡು ವರ್ಷದ ಹಿಂದೆ ನಮ್ಮ ಕಡೆಯ ಹಿರಿಯರೊಬ್ಬರು ಚೌಡೇಶ್ವರಿ ಹಬ್ಬಕ್ಕೆ ಒಂದು ಕಿರುಪುಸ್ತಕ ಮಾಡಬೇಕು, ದೇವಾಂಗರ ಹುಟ್ಟಿನ ಕಥೆಯನ್ನು ಕನ್ನಡದಲ್ಲೂ ತಮಿಳಿನಲ್ಲೂ ಹಾಕಬೇಕು ಅಂದರು. ಕನ್ನಡ ಓದ್ತಿರೋಳು ಅಂತ ನನಗೇ ಕೊಟ್ಟರು. ಕೈಯಲ್ಲಿ ಎರಡು ಕಥೆ ಇದ್ದವು. ಒಂದು ಅವರು ಬರೆದುಕೊಟ್ಟಿದ್ದು: ಶಿವನ ತೇಜಸ್ಸಿನಿಂದ ದೇವಲ ಹುಟ್ಟಿದ, ಅವನೇ ಆದಿ ನೇಕಾರ. ಇನ್ನೊಂದು ಅಜ್ಜಿ ಹೇಳ್ತಿದ್ದುದು: ಮೊದಲು ಮನು ನೇಯುತ್ತಿದ್ದ. ಅವನು ಸ್ವರ್ಗಕ್ಕೆ ಹೋದ ಮೇಲೆ ನೇಯೋರಿಲ್ಲದೆ ದೇವತೆಗಳೂ ಮನುಷ್ಯರೂ ಎಲೆ ಉಟ್ಟುಕೊಂಡು ತಿರುಗಿದರು. ನಾಚಿಕೆ ತಾಳಲಾರದೆ ಹೋಗಿ ಮೊರೆಯಿಟ್ಟರು. ಆಗ ಶಿವ ದೇವಲನನ್ನು ಹುಟ್ಟಿಸಿದ.

ಮನು ಮೊದಲೇ ನೇಯ್ದಿದ್ದರೆ ದೇವಲ ಆದಿ ನೇಕಾರ ಹೇಗಾಗ್ತಾನೆ? ನನಗೆ ಅದು ಸ್ಪಷ್ಟ ವೈರುಧ್ಯ ಅನ್ನಿಸಿತು. ಸಂಪಾದಕಿಯ ಅಧಿಕಾರ ಬಳಸಿ ಮನುವನ್ನೂ ಎಲೆಗಳನ್ನೂ ತೆಗೆದುಹಾಕಿದೆ. ಪುಸ್ತಕ ಅಚ್ಚಾಗಿ ಬಂದ ದಿನ ಅಜ್ಜಿಗೆ ಓದಿ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: “ಎಲೆ ಉಟ್ಕೊಂಡಿದ್ದು ಎಲ್ಲೋಯ್ತು?”

ಆಮೇಲೆ ಗ್ರಂಥಾಲಯದಲ್ಲಿ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಅವರ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಸಂಪುಟ ತೆಗೆದೆ. ಅದು 1909ರ ಪ್ರಕಟಣೆ. ದೇವಾಂಗರ ಬಗೆಗಿನ ಬರಹದಲ್ಲಿ ಮನು, ಎಲೆಯುಡುಗೆ, ಮೊರೆ, ದೇವಲ ಎಲ್ಲವೂ ಅಜ್ಜಿ ಹೇಳಿದ ಕ್ರಮದಲ್ಲೇ ಇದ್ದವು. ನೂರು ವರ್ಷಕ್ಕೂ ಮಿಕ್ಕಿ ಉಳಿದುಕೊಂಡು ಬಂದಿದ್ದ ಭಾಗವನ್ನು ನಾನು ಒಂದು ಸಂಜೆಯಲ್ಲಿ ಕತ್ತರಿಸಿದ್ದೆ.

ಈ ಕತ್ತರಿ ನನ್ನ ಕೈಯಲ್ಲಿ ಅದಕ್ಕೂ ಮುಂಚೆ ಒಂದು ಸಲ ಇತ್ತು. ಹತ್ತನೇ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕ್ರೈಸ್ತ ಗೆಳತಿಯ ತಮಿಳು ಬೈಬಲ್ ತೆಗೆದುಕೊಂಡು ‘ಆದಿಯಾಗಮಂ’ನ ಮೊದಲ ಎರಡು ಪುಟ ಓದಿ, “ಮೊದಲು ಪ್ರಾಣಿನಾ ಮನುಷ್ಯನಾ? ನಿಮ್ಮ ಪುಸ್ತಕಕ್ಕೇ ಗೊತ್ತಿಲ್ಲ” ಅಂತ ನಕ್ಕಿದ್ದೆ. ಅವಳು ಉತ್ತರ ಕೊಡಲಿಲ್ಲ. ಮತ್ತೆ ಆ ಪುಸ್ತಕವನ್ನು ಕ್ಲಾಸಿಗೆ ತರಲೂ ಇಲ್ಲ. ಅವತ್ತು ಕೇಳಿದ್ದು ತಪ್ಪು ಪ್ರಶ್ನೆ ಅಂತ ನಾನು ಈಗಲೂ ಹೇಳಲ್ಲ. ಆದರೆ ಅದನ್ನು ಪೂರ್ತಿ ಕೇಳಿರಲಿಲ್ಲ. ಇವತ್ತು ಪೂರ್ತಿ ಕೇಳೋ ಪ್ರಯತ್ನ ಮಾಡ್ತೀನಿ.

೨. ಎರಡು ಕಥನಗಳು ಪಕ್ಕಪಕ್ಕದಲ್ಲಿ

ಮೊದಲ ಕಥನ ಒಂದನೇ ಅಧ್ಯಾಯದಿಂದ ಎರಡನೇ ಅಧ್ಯಾಯದ ಮೂರನೇ ವಚನದವರೆಗೆ ಬರುತ್ತದೆ. ಆರು ದಿನದ ಕೆಲಸ, ಏಳನೇ ದಿನ ವಿಶ್ರಾಂತಿ. ಮೊದಲ ದಿನ ಬೆಳಕು, ಎರಡನೇ ದಿನ ಆಕಾಶ, ಮೂರನೇ ದಿನ ಒಣನೆಲ ಮತ್ತು ಗಿಡಮರ, ನಾಲ್ಕನೇ ದಿನ ಸೂರ್ಯ-ಚಂದ್ರ-ನಕ್ಷತ್ರ, ಐದನೇ ದಿನ ಮೀನು ಮತ್ತು ಹಕ್ಕಿ, ಆರನೇ ದಿನ ನೆಲದ ಪ್ರಾಣಿಗಳು, ಕೊನೆಗೆ ಮನುಷ್ಯರು. ಮನುಷ್ಯರು ಗಂಡೂ ಹೆಣ್ಣೂ ಆಗಿ ಒಟ್ಟಿಗೇ ಬರುತ್ತಾರೆ. ಸೃಷ್ಟಿ ಆಗೋದು ಮಾತಿನಿಂದ. ಮತ್ತೆ ಮತ್ತೆ ‘ಒಳ್ಳೆಯದು’ ಅನ್ನುವ ಪಲ್ಲವಿ.

ಎರಡನೇ ಕಥನ ಅದರ ಬೆನ್ನಿಗೇ ಶುರುವಾಗುತ್ತದೆ. ಇಲ್ಲಿ ದಿನಗಳ ಲೆಕ್ಕ ಇಲ್ಲ. ಹೊಲದ ಗಿಡ ಇನ್ನೂ ಹುಟ್ಟಿಲ್ಲ, ಯಾಕಂದ್ರೆ ಮಳೆ ಬಂದಿಲ್ಲ, ನೆಲ ಗೇಯೋಕೆ ಆಳಿಲ್ಲ. ದೇವರು ಮಣ್ಣಿನಿಂದ ಮನುಷ್ಯನನ್ನು ಮಾಡಿ ಮೂಗಿನಲ್ಲಿ ಉಸಿರು ಊದುತ್ತಾನೆ. ಆಮೇಲೆ ತೋಟ, ಮರಗಳು. ಆಮೇಲೆ, ಇವನು ಒಂಟಿಯಾಗಿರೋದು ಒಳ್ಳೆಯದಲ್ಲ ಅಂತ ಪ್ರಾಣಿ-ಪಕ್ಷಿಗಳನ್ನು ಮಣ್ಣಿನಿಂದಲೇ ಮಾಡಿ ಹೆಸರಿಡಲು ಅವನ ಮುಂದೆ ತರುತ್ತಾನೆ. ಅವುಗಳಲ್ಲಿ ಯಾವುದೂ ತಕ್ಕ ಜೊತೆಯಾಗಲ್ಲ. ಕೊನೆಗೆ ಅವನ ಪಕ್ಕೆಯಿಂದ ಹೆಣ್ಣು.

ದೇವರ ಹೆಸರೂ ಬದಲಾಗುತ್ತದೆ. ಹೀಬ್ರೂವಿನಲ್ಲಿ ಮೊದಲನೆಯದರಲ್ಲಿ ಬರೀ ‘ಎಲೋಹಿಮ್’, ಎರಡನೆಯದರಲ್ಲಿ ಅದರ ಜೊತೆಗೆ ನಾಲ್ಕಕ್ಷರದ ವಿಶೇಷನಾಮ. ಕನ್ನಡ ಬೈಬಲ್ಲಿನಲ್ಲಿ ‘ದೇವರು’ ಇದ್ದದ್ದು ‘ಯೆಹೋವ ದೇವರು’ ಆಗುತ್ತದೆ. ತಮಿಳಿನಲ್ಲಿ ‘ದೇವನ್’ ಇದ್ದದ್ದು ‘ದೇವನಾಗಿಯ ಕರ್ತ್ತರ್’ ಆಗುತ್ತದೆ. ಹೀಬ್ರೂ ಬಾರದ ನಾನು ಹತ್ತನೇ ಕ್ಲಾಸಲ್ಲಿ ತಮಿಳು ಪುಟದಲ್ಲೇ ಈ ಹೊಲಿಗೆಯನ್ನು ಕಂಡಿದ್ದೆ.

ಕ್ರಿಯಾಪದಗಳನ್ನೂ ಗಮನಿಸಬೇಕು. ಮೊದಲ ಕಥನದ ಮುಖ್ಯ ಪದ ‘ಬಾರಾ’. ಹೀಬ್ರೂ ಬೈಬಲ್ಲಿನಲ್ಲಿ ಈ ಅರ್ಥದಲ್ಲಿ ಅದಕ್ಕೆ ದೇವರೊಬ್ಬನೇ ಕರ್ತೃ. ನಮ್ಮ ‘ಸೃಷ್ಟಿಸು’ ಅದಕ್ಕೆ ಹತ್ತಿರ. ಎರಡನೆಯದರಲ್ಲಿ ಮನುಷ್ಯನಿಗೂ ಪ್ರಾಣಿಗಳಿಗೂ ‘ಯಾಟ್ಸರ್’, ಅಂದರೆ ಕುಂಬಾರ ಮಾಡೋ ಹಾಗೆ ರೂಪಿಸೋದು. ಹೆಣ್ಣಿಗೆ ‘ಬಾನಾ’, ಕಟ್ಟೋದು. ಒಂದರಲ್ಲಿ ಅಪ್ಪಣೆ, ಇನ್ನೊಂದರಲ್ಲಿ ಕೈಕೆಲಸ. ಮನುಷ್ಯ ‘ಆದಾಮ್’, ನೆಲ ‘ಅದಾಮಾ’ ಅನ್ನುವ ಶಬ್ದದಾಟವೂ ಇಲ್ಲಿದೆ. ಕನ್ನಡದ ‘ಮನುಷ್ಯ’, ‘ಮಣ್ಣು’ ಬೇರೆ ಬೇರೆ ಮೂಲದವು. ಆದರೂ ಕಿವಿಗೆ ಅವು ಜೊತೆಯಾಗಿ ಬೀಳೋದು ಅನುವಾದಕರ ಅದೃಷ್ಟ.

೩. ರಾಜಿ ಎಲ್ಲಿ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ

ಸಾಮಾನ್ಯವಾಗಿ ಮೂರು ವೈರುಧ್ಯ ಎತ್ತುತ್ತಾರೆ: ಗಿಡ ಮೊದಲೋ ಮನುಷ್ಯ ಮೊದಲೋ, ಗಂಡು-ಹೆಣ್ಣು ಒಟ್ಟಿಗೋ ಒಬ್ಬರಾದ ಮೇಲೆ ಒಬ್ಬರೋ, ಪ್ರಾಣಿ ಮೊದಲೋ ಮನುಷ್ಯ ಮೊದಲೋ. ಮೂರಕ್ಕೂ ಒಂದೇ ತೂಕ ಕೊಡಬಾರದು ಅನ್ನೋದು ನನ್ನ ವಾದ.

ಗಂಡು-ಹೆಣ್ಣಿನ ಪ್ರಶ್ನೆಗೆ ಹನ್ನೊಂದನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಕೊಟ್ಟ ಉತ್ತರ ಸಾಕಾಗುತ್ತದೆ. ಮೊದಲು ಒಟ್ಟು ಮಾತು, ಆಮೇಲೆ ಅದರ ವಿವರ, ಇದು ಶಾಸ್ತ್ರದ ಒಂದು ರೀತಿ ಅಂತಾರೆ ಅವರು. ನಾವೂ ಹಾಗೇ ಮಾತಾಡ್ತೀವಿ: “ಅವರಿಗೆ ಇಬ್ಬರು ಮಕ್ಕಳು” ಅಂತ ಹೇಳಿ, ಆಮೇಲೆ ಯಾರು ಯಾವಾಗ ಹುಟ್ಟಿದ್ದು ಅಂತ ವಿವರಿಸಿದರೆ ಅದು ವೈರುಧ್ಯ ಅಲ್ಲ.

ಗಿಡದ ಪ್ರಶ್ನೆಗೆ ಇಪ್ಪತ್ತನೇ ಶತಮಾನದ ಉಂಬೆರ್ಟೊ ಕಸ್ಸೂಟೊ ಉತ್ತರ ಕೊಟ್ಟಿದ್ದಾರೆ. ಎರಡನೇ ಅಧ್ಯಾಯ ಹೇಳೋದು ಎಲ್ಲ ಗಿಡಗಳ ಬಗ್ಗೆ ಅಲ್ಲ; ಮುಳ್ಳುಗಿಡ ಮತ್ತು ಉತ್ತು ಬೆಳೆಯೋ ಪೈರಿನ ಬಗ್ಗೆ ಮಾತ್ರ ಅಂತ. ಪಠ್ಯದಲ್ಲೇ ‘ಹೊಲದ’ ಅನ್ನುವ ಮಾತಿದೆ, ಕಾರಣವಾಗಿ ನೆಲ ಗೇಯುವವನ ಕೊರತೆಯನ್ನೂ ಹೇಳಿದೆ. ಪೂರ್ತಿ ಗೆಲ್ಲದಿದ್ದರೂ ಇದು ಬಲವಾದ ವಾದ.

ಪ್ರಾಣಿಗಳ ಪ್ರಶ್ನೆಯಲ್ಲಿ ರಾಜಿ ಮುರಿಯುತ್ತದೆ. ಇಲ್ಲಿ ಹೆಚ್ಚು ಬಳಕೆಯಲ್ಲಿರೋ ಉಪಾಯ ಕಾಲಪ್ರತ್ಯಯದ್ದು. 1611ರ ಕಿಂಗ್ ಜೇಮ್ಸ್ ಇಂಗ್ಲಿಷ್ ಅನುವಾದದಲ್ಲಿ ದೇವರು ಪ್ರಾಣಿಗಳನ್ನು ರೂಪಿಸಿದ ಅಂತ ಸರಳ ಭೂತಕಾಲ ಇದೆ. 1978ರಲ್ಲಿ ಪೂರ್ಣವಾಗಿ ಬಂದ ನ್ಯೂ ಇಂಟರ್‌ನ್ಯಾಷನಲ್ ವರ್ಷನ್‌ನಲ್ಲಿ ಅದು ‘ಆಗಲೇ ರೂಪಿಸಿದ್ದ’ ಅನ್ನುವ ಅರ್ಥಕ್ಕೆ ತಿರುಗಿದೆ. ಕನ್ನಡದಲ್ಲಿ ಹೇಳಬೇಕಂದ್ರೆ ‘ರೂಪಿಸಿದನು’ ಮತ್ತು ‘ರೂಪಿಸಿದ್ದನು’. ಒಂದು ದ ಒತ್ತು ಕೊಟ್ಟರೆ ಸಾಕು, ವೈರುಧ್ಯ ಮಾಯ!

ಹೀಬ್ರೂ ವ್ಯಾಕರಣ ಈ ಒತ್ತನ್ನು ಒಪ್ಪುತ್ತದೆಯೇ ಅಂತ ಪಂಡಿತರು ವಾದಿಸುತ್ತಾರೆ. ಅಲ್ಲಿರೋದು ಕಥೆಯಲ್ಲಿ ಒಂದರ ನಂತರ ಒಂದು ನಡೆದದ್ದನ್ನು ಹೇಳಲು ಸಾಮಾನ್ಯವಾಗಿ ಬಳಸುವ ಕ್ರಿಯಾರೂಪ. ನನಗೆ ಮುಖ್ಯ ಅನ್ನಿಸೋದು ವ್ಯಾಕರಣಕ್ಕಿಂತ ಕಥೆಯ ತರ್ಕ. ದೇವರು ಮೊದಲು ಒಂಟಿತನ ಒಳ್ಳೆಯದಲ್ಲ ಅಂತಾನೆ, ತಕ್ಕ ಜೊತೆ ಮಾಡ್ತೀನಿ ಅಂತಾನೆ, ತಕ್ಷಣ ಪ್ರಾಣಿಗಳನ್ನು ಮಾಡ್ತಾನೆ. ‘ಮಾಡ್ತೀನಿ’ ಅಂದಿದ್ದಕ್ಕೆ ‘ಮಾಡಿದ’ ಉತ್ತರವಾಗಿ ಬರುತ್ತದೆ. ಪ್ರಾಣಿಗಳು ಆಗಲೇ ಇದ್ದವು ಅಂತಾದರೆ ಆ ಸಂಕಲ್ಪಕ್ಕೂ ಮುಂದಿನ ಕ್ರಿಯೆಗೂ ನಂಟು ಕಡಿಯುತ್ತದೆ. ಇಲ್ಲಿ ಕಸ್ಸೂಟೊ ಬೇರೆ ದಾರಿ ಹಿಡೀತಾರೆ: ಇವು ಹೆಸರಿಡುವ ಸಲುವಾಗಿ ವಿಶೇಷವಾಗಿ ಮಾಡಿದ ಕೆಲವು ಪ್ರಾಣಿಗಳು ಅಂತ. 19ನೇ ವಚನದಲ್ಲಿ ಸಾಕುಪ್ರಾಣಿಗಳ ಮಾತಿಲ್ಲ, 20ರಲ್ಲಿ ಇದೆ ಅನ್ನೋದನ್ನು ಅವರು ಆಧಾರವಾಗಿ ಹಿಡಿಯುತ್ತಾರೆ. ಸೂಕ್ಷ್ಮ ಓದು, ನಿಜ. ಆದರೆ 19ರಲ್ಲಿ ‘ಎಲ್ಲ’ ಭೂಜಂತು, ‘ಎಲ್ಲ’ ಪಕ್ಷಿ ಅಂತಿದೆ. ಕೆಲವು ಅನ್ನೋಕೆ ಪಠ್ಯ ಬಿಡಲ್ಲ.

ಹಾಗಾಗಿ ನನ್ನ ನಿಲುವು ಇದು: ಮೂರರಲ್ಲಿ ಒಂದು ಬಿಡಿಸಿಕೊಳ್ಳುತ್ತದೆ, ಒಂದು ಸಡಿಲವಾಗುತ್ತದೆ, ಒಂದು ಗಂಟು ಗಂಟಾಗಿಯೇ ಉಳಿಯುತ್ತದೆ. ಕಾಲಕ್ರಮದ ವರದಿ ಅಂತ ಓದಿದರೆ ಎರಡು ಕಥನಗಳೂ ಒಂದೇ ಸಲ ನಿಜ ಆಗಲಾರವು.

೪. ಪ್ರತಿ ಕಥನಕ್ಕೂ ಅದರ ಕೊರತೆ

ಈ ಗಂಟಿನಿಂದಲೇ ಆಧುನಿಕ ಬೈಬಲ್ ವಿಮರ್ಶೆಯ ದೊಡ್ಡ ಭಾಗ ಹುಟ್ಟಿತು. 1753ರಲ್ಲಿ ಝಾನ್ ಆಸ್ಟ್ರುಕ್ ಅನ್ನುವ ಫ್ರೆಂಚ್ ವೈದ್ಯ ಹೆಸರು ಹಾಕದೆ ಒಂದು ಪುಸ್ತಕ ಪ್ರಕಟಿಸಿದ. ದೇವರ ಹೆಸರು ಬದಲಾಗುವ ಕಡೆ ಮೂಲ ಆಕರವೂ ಬದಲಾಗುತ್ತದೆ ಅಂತ ವಾದಿಸಿದ. ಅವನ ಉದ್ದೇಶ ಗ್ರಂಥವನ್ನು ಒಡೆಯೋದಲ್ಲ, ಮೋಶೆಯ ಕರ್ತೃತ್ವವನ್ನು ಉಳಿಸೋದು. ಮೋಶೆಯ ಮುಂದೆ ಹಳೆಯ ದಾಖಲೆಗಳಿದ್ದವು, ಅವನ್ನು ಜೋಡಿಸಿದ ಅಂತ ಹೇಳೋದು. ಹತ್ತೊಂಬತ್ತನೇ ಶತಮಾನದಲ್ಲಿ ಯೂಲಿಯುಸ್ ವೆಲ್‌ಹೌಸೆನ್ ಕಾಲಕ್ಕೆ ಅದೇ ವಿಧಾನ ಮೋಶೆಯನ್ನೇ ಕರ್ತೃಸ್ಥಾನದಿಂದ ಇಳಿಸಿತು. ಮೊದಲ ಕಥನ ಪುರೋಹಿತ ಪರಂಪರೆಯದು, ಎರಡನೆಯದು ಬೇರೆ ಪರಂಪರೆಯದು ಅನ್ನೋದು ಇವತ್ತು ಬಹುಪಾಲು ವಿದ್ವಾಂಸರು ಒಪ್ಪುವ ಮಾತು. ಕಾಲನಿರ್ಣಯದ ಬಗ್ಗೆ ಜಗಳ ಮುಗಿದಿಲ್ಲ.

ಎರಡು ಆಕರ ಅಂದ ಮೇಲೆ ವಿಮರ್ಶೆ ಮುಗಿಯಿತು ಅಂದುಕೊಳ್ಳೋದು ಸುಲಭ. ನಾನು ಕಿರುಪುಸ್ತಕದಲ್ಲಿ ಮಾಡಿದ್ದು ಅದನ್ನೇ. ಅಜ್ಜಿಯ ಪ್ರಶ್ನೆ ಬಂದ ಮೇಲೆ ನಾನು ಕೇಳಿಕೊಂಡೆ: ಪ್ರತಿ ಕಥನ ಯಾವ ಕೊರತೆಯನ್ನು ತುಂಬಲು ಹೇಳಿದ್ದು?

ಅಚ್ಚಾದ ದೇವಲನ ಕಥೆಯಲ್ಲಿ ಕೊರತೆಯೇ ಇಲ್ಲ. ತೇಜಸ್ಸು ಇದೆ, ಕುಲದ ಹಿರಿಮೆ ಇದೆ. ಬಟ್ಟೆ ಯಾರಿಗೆ ಬೇಕಿತ್ತು ಅನ್ನೋದು ಇಲ್ಲ. ಎಲೆ ಉಟ್ಟ ಕಾಲ ಇದ್ದಾಗ ಮಾತ್ರ ನೇಕಾರ ಬೇಕಾದವನಾಗುತ್ತಾನೆ. ಅಜ್ಜಿಯ ಕಥೆ ನೇಕಾರನ ಅಗತ್ಯ ಹೇಳುತ್ತದೆ, ಪುಸ್ತಕದ ಕಥೆ ನೇಕಾರನ ಗೌರವ ಹೇಳುತ್ತದೆ. ಮಗ್ಗ ಮಾರಿದ ಮನೆಯಲ್ಲಿ ಕೂತು ಅಜ್ಜಿ ಯಾವುದನ್ನು ಹುಡುಕಿದರು ಅನ್ನೋದು ನನಗೆ ತಡವಾಗಿ ಅರ್ಥವಾಯಿತು.

ಆದಿಕಾಂಡಕ್ಕೆ ವಾಪಸ್ ಬಂದರೆ ಇದೇ ವ್ಯತ್ಯಾಸ ಇನ್ನೂ ಆಳದಲ್ಲಿದೆ. ಮೊದಲ ಕಥನದ ಆರಂಭದಲ್ಲಿ ನೀರು, ಕತ್ತಲೆ, ಅಸ್ತವ್ಯಸ್ತ. ಅದಕ್ಕೆ ಬೇಕಾದದ್ದು ವ್ಯವಸ್ಥೆ. ಹಾಗಾಗಿ ದಿನಗಳು, ವಿಂಗಡಣೆ, ಕೊನೆಗೆ ವಿಶ್ರಾಂತಿಯ ದಿನ. ಎರಡನೆಯದರ ಆರಂಭದಲ್ಲಿ ಒಣನೆಲ, ಮಳೆಯಿಲ್ಲ, ಆಳಿಲ್ಲ. ಅದಕ್ಕೆ ಬೇಕಾದದ್ದು ನೀರು, ದುಡಿಮೆ, ಜೊತೆ. ಮೊದಲನೆಯದರಲ್ಲಿ ‘ಒಳ್ಳೆಯದು’ ಮತ್ತೆ ಮತ್ತೆ ಬರುತ್ತದೆ. ಎರಡನೆಯದರಲ್ಲಿ ‘ಒಳ್ಳೆಯದಲ್ಲ’ ಒಂದೇ ಸಲ ಬರುತ್ತದೆ, ಅದೂ ಒಂಟಿತನದ ಬಗ್ಗೆ. ಪ್ರಾಣಿಗಳು ಮನುಷ್ಯನ ನಂತರ ಬರೋದು ಈ ಕಾರಣಕ್ಕೆ. ಮೊದಲನೆಯದರಲ್ಲಿ ಅವು ಲೋಕ ತುಂಬಲು ಹುಟ್ಟುತ್ತವೆ, ಎರಡನೆಯದರಲ್ಲಿ ಒಬ್ಬನ ಒಂಟಿತನ ಕಳೆಯಲು. ಕ್ರಮ ಸರಿಮಾಡಿದರೆ ಒಂಟಿತನದ ಕಥೆ ಸಾಯುತ್ತದೆ. ಆ ‘ದ’ ಒತ್ತಿಗೆ ನಾವು ಕೊಡುವ ಬೆಲೆ ಅದು.

ಇನ್ನೊಂದು ವಿಷಯ ಪ್ರಾಸಂಗಿಕವಾಗಿ. ಮೂರನೇ ಅಧ್ಯಾಯದಲ್ಲಿ ಆದಾಮ, ಹವ್ವ ಎಲೆ ಹೊಲಿದು ಉಟ್ಟುಕೊಳ್ಳುತ್ತಾರೆ, ಆಮೇಲೆ ದೇವರು ಅವರಿಗೆ ಚರ್ಮದ ಅಂಗಿ ಮಾಡಿಕೊಡುತ್ತಾನೆ. ಅಲ್ಲಿಯೂ ಎಲೆ ಉಟ್ಟ ಕಾಲ ಇದೆ, ಆದರೆ ನೇಕಾರ ಬರಲ್ಲ! ಎರಡು ಕಥೆಗೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ. ನೇಯುವವರ ಕಥೆಯಲ್ಲಿ ಎಲೆಗೆ ಉತ್ತರ ಬಟ್ಟೆ, ಕುರಿ ಕಾಯುವ, ನೆಲ ಗೇಯುವ ಜನರ ಕಥೆಯಲ್ಲಿ ಅದಕ್ಕೆ ಉತ್ತರ ಚರ್ಮ. ಅಷ್ಟೇ.

೫. ಜೋಡಿಸಿದವನ ಕೆಲಸ

ಎರಡನೇ ಅಧ್ಯಾಯದ ನಾಲ್ಕನೇ ವಚನ ಎರಡು ಕಥನ ಕೂಡುವ ಜಾಗ. ಅದರ ಮೊದಲರ್ಧದಲ್ಲಿ ಆಕಾಶ ಮುಂಚೆ, ಭೂಮಿ ಆಮೇಲೆ. ಎರಡನೇ ಅರ್ಧದಲ್ಲಿ ಭೂಮಿ ಮುಂಚೆ, ಆಕಾಶ ಆಮೇಲೆ. ಮೊದಲರ್ಧ ಹಿಂದಿನ ಕಥನದ ಪದ ‘ಬಾರಾ’ ಬಳಸುತ್ತದೆ, ಎರಡನೇ ಅರ್ಧದಲ್ಲಿ ದೇವರ ವಿಶೇಷನಾಮ ಬರುತ್ತದೆ. ಮುರಿದ ನೂಲಿನ ತುದಿಗಳನ್ನು ಅಕ್ಕಪಕ್ಕ ಇಟ್ಟು ಹೊಸೆಯೋದನ್ನು ಅಜ್ಜನ ಕೈಯಲ್ಲಿ ನೋಡಿದ್ದೀನಿ. ಹಾಗೆ ಹೊಸೆದವನಿಗೆ ನೂಲು ಎರಡು ಅನ್ನೋದು ಗೊತ್ತಿರುತ್ತದೆ.

ನಮ್ಮ ಸಾಹಿತ್ಯದಲ್ಲಿ ಇದಕ್ಕೆ ಹೋಲಿಕೆ ಶೂನ್ಯಸಂಪಾದನೆ. ಬಿಡಿ ವಚನಗಳನ್ನು ಸಂವಾದವಾಗಿ ಜೋಡಿಸಿದ ಶಿವಗಣಪ್ರಸಾದಿ ಮಹಾದೇವಯ್ಯನ ನಂತರ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ತಮ್ಮ ತಮ್ಮ ಆವೃತ್ತಿ ಮಾಡಿದರು. ಒಪ್ಪಿಗೆಯಾಗದ್ದನ್ನು ಅವರು ಹೊಸ ಗ್ರಂಥ ಮಾಡಿ ಸರಿಪಡಿಸಿದರು. ಬೇರೆ ಬೇರೆ ರಾಮಾಯಣಗಳೂ ಬೇರೆ ಬೇರೆ ಪುಸ್ತಕಗಳಲ್ಲಿವೆ. ಆದಿಕಾಂಡದ ವಿಶೇಷ ಅಂದರೆ ಭಿನ್ನಾಭಿಪ್ರಾಯ ಒಂದೇ ಪುಟದಲ್ಲಿ, ಒಂದೇ ಅಧಿಕಾರದ ಕೆಳಗೆ ಕೂತಿರೋದು. ಮತ್ತಾಯನ ಸುವಾರ್ತೆಯ 19ನೇ ಅಧ್ಯಾಯದಲ್ಲಿ ಯೇಸು ಮದುವೆಯ ಬಗ್ಗೆ ಮಾತಾಡುವಾಗ ಮೊದಲ ಕಥನದಿಂದ ಒಂದು ಮಾತು, ಎರಡನೆಯದರಿಂದ ಒಂದು ಮಾತು ಎತ್ತಿ ಒಟ್ಟಿಗೆ ಹೇಳುತ್ತಾನೆ. ಹಳೆಯ ಓದುಗರಿಗೆ ಅವು ಹಾಸು-ಹೊಕ್ಕಾಗಿದ್ದವು.

ನನ್ನ ಸಮುದಾಯಕ್ಕೆ ಈ ಮಾತು ಇನ್ನೊಂದು ಕಡೆಯಿಂದಲೂ ತಾಗುತ್ತದೆ. ದೇವಾಂಗ ಪುರಾಣ ದೇವಲನ ಏಳನೇ ಅವತಾರ ಅನ್ನೋದು ದೇವರ ದಾಸಿಮಯ್ಯನನ್ನು. ಜೇಡರ ದಾಸಿಮಯ್ಯ, ದೇವರ ದಾಸಿಮಯ್ಯ ಒಬ್ಬರೇ ಇಬ್ಬರೇ ಅನ್ನುವ ಚರ್ಚೆ ನಿಮಗೆಲ್ಲ ಗೊತ್ತೇ ಇದೆ. ‘ಇಬ್ಬರು’ ಅಂತ ಸಂಶೋಧಕರು ಅಂದಾಗ ನಮ್ಮವರಿಗೆ ನೋವಾಗಿದ್ದನ್ನು ನಾನು ಕಂಡಿದ್ದೀನಿ. ಆ ನೋವು ಕಂಡವಳೇ ಗೆಳತಿಯ ಪುಸ್ತಕ ಹಿಡಿದು ನಕ್ಕಿದ್ದೆ. ನೋವಾಗುತ್ತದೆ ಅಂತ ಪ್ರಶ್ನೆ ಬಿಡಬೇಕಿಲ್ಲ. ಆದರೆ ಬಿಡಿಸಿದ ಎಳೆಗಳನ್ನು ಅಲ್ಲೇ ಎಸೆದು ಬರೋದು ಅರ್ಧ ಕೆಲಸ. ಅವು ಯಾಕೆ ಒಟ್ಟಿಗಿದ್ದವು ಅಂತ ಹೇಳುವವರೆಗೆ ವಿಮರ್ಶಕರಿಗೆ ಬಿಡುಗಡೆ ಇಲ್ಲ.

ಇಷ್ಟು ನನ್ನ ಪ್ರಬಂಧ. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.

ಚರ್ಚೆ

ಅಧ್ಯಾಪಕರು: ಜೋಡಿಸಿದವನು ಉದ್ದೇಶಪೂರ್ವಕವಾಗಿ ಎರಡನ್ನೂ ಉಳಿಸಿದ ಅನ್ನೋದು ನಿಮ್ಮ ಊಹೆ ಅಲ್ಲವೇ? ಎರಡು ಗುಂಪಿನ ಪಠ್ಯಗಳಲ್ಲಿ ಯಾವುದನ್ನೂ ಬಿಡಲಾಗದೆ ಇಟ್ಟಿರಬಹುದು.

ಉತ್ತರ: ಇರಬಹುದು ಸರ್. ಅವನ ಮನಸ್ಸು ನಮಗೆ ಕಾಣಲ್ಲ. ಕಾಣೋದು ಎರಡು: ಹೊಲಿಗೆ ಎಲ್ಲಿದೆ ಅಂತ ಅವನಿಗೆ ಗೊತ್ತಿತ್ತು, ಕ್ರಮವನ್ನು ಅವನು ತಿದ್ದಲಿಲ್ಲ. ಅಂಜಿಕೆಯಿಂದ ಉಳಿಸಿದನೋ, ಪ್ರೀತಿಯಿಂದ ಉಳಿಸಿದನೋ ಹೇಳಲಾರೆ. ನಾನು ಕತ್ತರಿಸಿದ ಹಾಗೆ ಅವನು ಕತ್ತರಿಸಲಿಲ್ಲ ಅನ್ನೋದು ಮಾತ್ರ ಖಚಿತ.

ಸಹಪಾಠಿ: ಒಂದು ಬಾಯಿಮಾತಿನ ಕಥೆ, ಇನ್ನೊಂದು ಲಿಖಿತ ಧರ್ಮಗ್ರಂಥ. ಹೋಲಿಕೆ ಎಷ್ಟು ಸರಿ?

ಉತ್ತರ: ಪೂರ್ತಿ ಸರಿಯಲ್ಲ, ಒಪ್ತೀನಿ. ಅಜ್ಜಿ ಕಥೆ ಹೇಳುವಾಗ ಕೇಳುವವರನ್ನು ನೋಡಿ ಬದಲಾಯಿಸ್ತಾರೆ. ಗ್ರಂಥ ಹಾಗೆ ಬದಲಾಗಲ್ಲ. ಆದರೆ ಬಾಯಿಮಾತು ಅಚ್ಚಿಗೆ ಹೋಗುವ ಗಳಿಗೆ ಇದೆಯಲ್ಲ, ಅಲ್ಲಿ ಸಂಪಾದಕರ ಮುಂದೆ ಬರುವ ಪ್ರಶ್ನೆ ಎರಡೂ ಕಡೆ ಒಂದೇ. ನಾನು ಹೋಲಿಸ್ತಿರೋದು ಆ ಗಳಿಗೆಯನ್ನು.

ಸಹಪಾಠಿ: ವೈರುಧ್ಯ ಇದೆ ಅಂತ ಒಪ್ಪಿದ ಮೇಲೆ ನಂಬುವವರಿಗೆ ಏನು ಉಳಿಯಿತು?

ಉತ್ತರ: ಈ ಪ್ರಬಂಧದ ಕರಡನ್ನು ಆ ಗೆಳತಿಗೇ ಕಳಿಸಿದ್ದೆ. ಈಗ ತಿರುಪ್ಪೂರಿನಲ್ಲಿದ್ದಾಳೆ. ಫೋನಿನಲ್ಲಿ ಹೇಳಿದಳು, “ಪ್ರಾಣಿ ವಿಷಯ ನೀನು ಹೇಳಿದ್ದು ಸರಿ ಇರಬಹುದು. ನನ್ನ ಮದುವೆಯಲ್ಲಿ ಎರಡನೇ ಅಧ್ಯಾಯ ಓದಿದರು. ಮೊದಲನೆಯದನ್ನು ಓದಿದ್ದರೆ ಅವತ್ತು ನನಗೆ ಅಳು ಬರ್ತಿರಲಿಲ್ಲ.” ಅವಳ ಉತ್ತರಕ್ಕೆ ನಾನು ಏನನ್ನೂ ಸೇರಿಸಲ್ಲ.

ಅಧ್ಯಾಪಕರು: ಆ ಕಿರುಪುಸ್ತಕ ಏನಾಯಿತು?

ಉತ್ತರ: ಮುಂದಿನ ಹಬ್ಬಕ್ಕೆ ಎರಡನೇ ಮುದ್ರಣ ಇದೆ ಮೇಡಂ. ಮನುವನ್ನೂ ಎಲೆಗಳನ್ನೂ ವಾಪಸ್ ಹಾಕಿದ್ದೀನಿ, ‘ಆದಿ ನೇಕಾರ’ ಅನ್ನೋದನ್ನೂ ತೆಗೆದಿಲ್ಲ. ಹಿರಿಯರು ಕರಡು ನೋಡಿ, “ಇದು ತಾಳೆ ಆಗಲ್ವಲ್ಲಮ್ಮ” ಅಂದರು. ತಾಳೆ ಆಗಲ್ಲ ಅಂತ ಅಡಿಯಲ್ಲಿ ಒಂದು ಸಾಲು ಬರೆಯೋಣ ಅಂದೆ. ಇನ್ನೂ ಒಪ್ಪಿಗೆ ಕೊಟ್ಟಿಲ್ಲ.